ಬಸುರಿ–ಬಾಣಂತಿಯರ ಆಹಾರ ಮತ್ತು ವ್ಯಾಯಾಮ

ಗರ್ಭ ನಿಂತಂದಿನಿಂದ ಮಗು ಎದೆಹಾಲು ಬಿಡುವವರೆಗೆ ತಾಯಿ ಏನು ಉಣ್ಣಬೇಕು, ಎಷ್ಟು ಓಡಾಡಬೇಕು, ಎಷ್ಟು ದಣಿವಾರಿಸಿಕೊಳ್ಳಬೇಕು ಎಂಬುದನ್ನು ಕುರಿತ ತಿಳಿವಳಿಕೆ. ಈ ಅವಧಿಯ ಬೇಕುಬೇಡಗಳು ಬಹುಮಟ್ಟಿಗೆ ಹಾರ್ಮೋನುಗಳ ಏರಿಳಿತದಿಂದ ಹುಟ್ಟುವುದರಿಂದ ಮೈನೆರೆಯುವ ವಯಸ್ಸು, ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ, ಮುಟ್ಟು ನಿಲ್ಲುವ ಕಾಲ ಇವೂ ಇದೇ ವಿಷಯದ ಭಾಗ. ಕರ್ನಾಟಕದಲ್ಲಿ ಬಸುರಿಯ ಊಟದ ಬಗ್ಗೆ ಸಂಪ್ರದಾಯಕ್ಕೂ ಆಸ್ಪತ್ರೆಗೂ ಬೇಕಾದಷ್ಟು ಹೇಳುವುದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ನಮ್ಮ ಅಡುಗೆಮನೆಗಳ ಸಾಮಗ್ರಿಯಲ್ಲಿ ದೊಡ್ಡ ದೋಷ ಕಾಣುವುದಿಲ್ಲ. ದೋಷ ಇರುವುದು ಬಡಿಸುವ ಹೊತ್ತಿನಲ್ಲಿ ಮತ್ತು ಪಂಕ್ತಿಯಲ್ಲಿ. ಒಂಬತ್ತು ತಿಂಗಳ ಮೊದಲೇ ತಟ್ಟೆಗೆ ಬರಬೇಕಿದ್ದದ್ದು ಹೆರಿಗೆಯಾದ ಮೇಲೆ ಬರುತ್ತದೆ. ಆಗ ಬೇಕಾದ ಸೊಪ್ಪು, ಬೇಳೆ, ನೀರು ಪಥ್ಯದ ಹೆಸರಿನಲ್ಲಿ ನಿಂತುಹೋಗುತ್ತವೆ.

ದೇಹದಲ್ಲಿ ಆಗುವುದೇನು

ಗರ್ಭ ನಿಂತ ಕೆಲವೇ ವಾರಗಳಲ್ಲಿ ಪ್ರೊಜೆಸ್ಟರಾನ್ ಏರತೊಡಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಸಡಿಲವಾಗಿ ಇಡುತ್ತದೆ; ಜೊತೆಗೆ ಕರುಳಿನ ಚಲನೆಯನ್ನೂ ನಿಧಾನಗೊಳಿಸುತ್ತದೆ. ಬಸುರಿಯರು ಸಾಮಾನ್ಯವಾಗಿ ದೂರುವ ಎದೆಯುರಿ, ಮಲಬದ್ಧತೆ, ಹೊಟ್ಟೆಯುಬ್ಬರಕ್ಕೆ ಇದೇ ಕಾರಣ. ಮೊದಲ ಮೂರು ತಿಂಗಳ ವಾಕರಿಕೆ, ವಾಂತಿಗೆ ಜಿಡಿಎಫ್15 ಎಂಬ ಹಾರ್ಮೋನಿನ ಪಾತ್ರ ದೊಡ್ಡದೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ವಾಂತಿ ಅವಳ ಮನಸ್ಸಿನದು ಎಂದು ಮೂಗುಮುರಿಯುತ್ತಿದ್ದವರಿಗೆ ಇದೊಂದು ಉತ್ತರ. ಐದನೇ ತಿಂಗಳ ನಂತರ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಪರಿಣಾಮವನ್ನು ತಗ್ಗಿಸುತ್ತವೆ. ತಾಯಿಯ ರಕ್ತದಲ್ಲಿ ಸಕ್ಕರೆ ಕೊಂಚ ಹೆಚ್ಚು ಹೊತ್ತು ನಿಂತು ಮಗುವಿಗೆ ದಕ್ಕಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಇದನ್ನು ಸರಿದೂಗಿಸುವಷ್ಟು ಇನ್ಸುಲಿನ್ ಮೇದೋಜೀರಕದಿಂದ ಬರದಿದ್ದರೆ ಗರ್ಭಾವಸ್ಥೆಯ ಮಧುಮೇಹ ಕಾಣಿಸಿಕೊಳ್ಳುತ್ತದೆ.

ರಕ್ತದ ದ್ರವಭಾಗ ಅರ್ಧದಷ್ಟು ಹೆಚ್ಚುತ್ತದೆ, ಕೆಂಪುಕಣಗಳು ಅಷ್ಟು ಹೆಚ್ಚುವುದಿಲ್ಲ. ಆದ್ದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜವೇ. 11 ಗ್ರಾಂಗಿಂತ ಕೆಳಗಿಳಿದರೆ ಮಾತ್ರ ಅದು ರಕ್ತಹೀನತೆ. ಒಂದು ಬಸುರಿಗೆ ಒಟ್ಟು ಬೇಕಾಗುವ ಹೆಚ್ಚುವರಿ ಕಬ್ಬಿಣ ಸುಮಾರು 1 ಗ್ರಾಂ. ತೂಕಕ್ಕೆ ಏನೂ ಅಲ್ಲದ ಈ ಒಂದು ಗ್ರಾಂ ಹೊಂದಿಸಲಾಗದೆಯೇ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿ ರಕ್ತಹೀನರೆಂದು ದಾಖಲಾದರು.

ಮುಂಬಯಿಯಿಂದ ಮೈಸೂರಿಗೆ

ಬಸುರಿಯ ಆಹಾರ ವಿಜ್ಞಾನದ ಒಂದು ಮುಖ್ಯ ಅಧ್ಯಾಯ ಬರೆದದ್ದು ಭಾರತದಲ್ಲೇ. 1928ರಲ್ಲಿ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಕಾರ್ಮಿಕ ಹೆಂಗಸರಲ್ಲಿ ಬಸಿರಿನ ಹೊತ್ತಿಗೆ ಒಂದು ಬಗೆಯ ತೀವ್ರ ರಕ್ತಹೀನತೆ ಕಾಣಿಸುತ್ತಿತ್ತು. ಕೆಂಪುಕಣಗಳು ಕಡಿಮೆಯಾಗುವುದರ ಜೊತೆಗೆ ಗಾತ್ರದಲ್ಲಿ ಅಸಹಜವಾಗಿ ದೊಡ್ಡದಾಗಿರುತ್ತಿದ್ದವು. ವಿಲ್ಸ್ ಕೂನೂರಿನ ಪ್ರಯೋಗಾಲಯದಲ್ಲೂ ಕೆಲಸ ಮಾಡಿದರು, ಪ್ರಾಣಿಗಳಿಗೆ ಆ ಹೆಂಗಸರದೇ ಊಟ ಕೊಟ್ಟು ನೋಡಿದರು. ಕೊನೆಗೆ ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ತಿನ್ನಿಸಿದಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಯೀಸ್ಟಿನಲ್ಲಿದ್ದ ಆ ಅಂಶವೇ ಫೋಲೇಟ್ ಎಂದು ಗೊತ್ತಾಗಲು, ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಲು ಇನ್ನೂ ಹತ್ತು ವರ್ಷ ಬೇಕಾಯಿತು.

ಫೋಲೇಟಿನ ಎರಡನೆಯ ಕತೆ 1991ರದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಲ್ಲಿ, ಹಿಂದೆ ಬೆನ್ನುಹುರಿಯ ದೋಷವಿದ್ದ ಮಗುವನ್ನು ಹೆತ್ತ ತಾಯಂದಿರು ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ ಆ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತು. ಮೊದಲೇ ಎಂಬುದನ್ನು ಒತ್ತಿ ಹೇಳಬೇಕು. ಭ್ರೂಣದ ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ಮುಟ್ಟು ತಪ್ಪಿತು, ಪರೀಕ್ಷೆಯಾಯಿತು, ತಾಯಿ ಕಾರ್ಡ್ ಬಂತು, ಮಾತ್ರೆ ಸಿಕ್ಕಿತು ಎನ್ನುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಅದಕ್ಕೇ ಮಗು ಬೇಕೆಂದುಕೊಂಡವರು ಮುಂಚಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ತೆಗೆದುಕೊಳ್ಳಬೇಕೆಂಬ ಸಲಹೆ ಇರುವುದು.

ಕರ್ನಾಟಕದ ಪಾಲು ಮೈಸೂರಿನದು. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದು ಜೋಪಾನವಾಗಿ ಇಟ್ಟುಕೊಂಡಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ದಪ್ಪ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸು ದಾಟಿದ್ದವರನ್ನು ಮೈಸೂರಿನಲ್ಲಿ ಹುಡುಕಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ತಾಯಿಯ ಬಸಿರಿನ ಕಾಲದ ಪೋಷಣೆ ಮಗನ ಐವತ್ತನೇ ವಯಸ್ಸಿನ ಎದೆನೋವಿಗೂ ಸಂಬಂಧಪಟ್ಟಿರಬಹುದು ಎಂಬ ವಾದಕ್ಕೆ ಭಾರತದಿಂದ ಸಿಕ್ಕ ಮೊದಲ ಗಟ್ಟಿ ಆಧಾರಗಳಲ್ಲಿ ಇದೊಂದು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ ಶೇ 6.2 ಗರ್ಭಿಣಿಯರಿಗೆ ಮಧುಮೇಹ ಕಂಡುಬಂತು. ಶೇ 43 ಮಂದಿಯಲ್ಲಿ ಬಿ12 ಜೀವಸತ್ವ ಕಡಿಮೆಯಿತ್ತು. ಬಿ12 ಕೊರತೆ ಇದ್ದವರಲ್ಲಿ ಇನ್ಸುಲಿನ್ ಪ್ರತಿರೋಧವೂ ಹೆಚ್ಚಿತ್ತು.

ಎಷ್ಟು, ಏನು

ಇಬ್ಬರ ಊಟ ಉಣ್ಣಬೇಕು ಎನ್ನುವ ಮಾತು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಬಸುರಿಗೆ ದಿನಕ್ಕೆ ಬೇಕಾದ ಹೆಚ್ಚುವರಿ ಶಕ್ತಿ 350 ಕಿಲೋಕ್ಯಾಲರಿ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಸಣ್ಣ ಹಿಡಿ ಹುರಿದ ಕಡಲೆಬೀಜ ಸೇರಿದರೆ ಅಷ್ಟಾಯಿತು. ಮೊಲೆಯೂಡಿಸುವ ಮೊದಲ ಆರು ತಿಂಗಳಲ್ಲಿ ಬೇಕಾದದ್ದು ಇದಕ್ಕಿಂತ ಹೆಚ್ಚು, 600. ಪ್ರೋಟೀನಿನ ಅಗತ್ಯ ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಏರುತ್ತದೆ. ನಮ್ಮ ಊಟ ಸೋಲುವುದು ಇಲ್ಲೇ. ತಟ್ಟೆಯ ತುಂಬ ಅನ್ನ, ಮೇಲೊಂದು ಸೌಟು ತಿಳಿಸಾರು ಹಾಕಿದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸೇರುವುದಿಲ್ಲ. ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಮೊಳಕೆ ಹುರುಳಿ, ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಬೀಜ ಇದ್ದರೆ ಆ 22 ಗ್ರಾಂ ದಕ್ಕುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಕಟ್ಟು ಗಂಡಸರ ಮುದ್ದೆಗೂ ಕಾಳುಪಲ್ಯ ಬಸುರಿಯ ತಟ್ಟೆಗೂ ಹೋದರೆ ಸಾಕು ಎನ್ನುವಷ್ಟು ಸರಳ ಇದು. ನಡೆಯುವುದು ಸಾಮಾನ್ಯವಾಗಿ ತಿರುಗುಮುರುಗಾಗಿ.

ತೂಕ ಎಷ್ಟು ಏರಬೇಕೆಂಬುದು ಬಸಿರಿಗೆ ಮುಂಚಿನ ತೂಕದ ಮೇಲೆ ನಿಂತಿದೆ. ಅಮೆರಿಕದ 2009ರ ಮಾರ್ಗಸೂಚಿಯ ಪ್ರಕಾರ ಹದವಾದ ಮೈಕಟ್ಟಿನವರು 11.5ರಿಂದ 16 ಕಿಲೋ, ತೀರ ತೆಳ್ಳಗಿರುವವರು 18 ಕಿಲೋವರೆಗೆ, ಸ್ಥೂಲಕಾಯದವರು 5ರಿಂದ 9 ಕಿಲೋ ಏರಬೇಕು. ಭಾರತದಲ್ಲಿ ವೈದ್ಯರು ವಾಡಿಕೆಯಾಗಿ ಹೇಳುವುದು 10–12 ಕಿಲೋ. ವಾಸ್ತವ ಬೇರೆ. 2005–06ರ ಸಮೀಕ್ಷೆಯನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ ಭಾರತದ ಹೆಂಗಸರಲ್ಲಿ ಶೇ 42ರಷ್ಟು ಮಂದಿ ಬಸುರಿಯಾಗುವಾಗಲೇ ತೂಕ ಕಡಿಮೆ ಇರುವವರು, ಬಸಿರಿನಲ್ಲಿ ಏರುವುದು ಬರೀ 7 ಕಿಲೋ. ಮಗು ದಪ್ಪವಾದರೆ ಹೆರಿಗೆ ಕಷ್ಟ, ಊಟ ಹೆಚ್ಚಾದರೆ ಹೊಟ್ಟೆಯಲ್ಲಿ ಮಗುವಿಗೆ ಜಾಗ ಸಾಲದು ಎಂಬ ನಂಬಿಕೆಯಿಂದ ಕೊನೆಯ ತಿಂಗಳುಗಳಲ್ಲಿ ಕೈ ಹಿಡಿದು ಉಣ್ಣುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅತ್ತೆ, ಮಾವ, ಗಂಡ, ಮಕ್ಕಳು ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಳ್ಳುವ ಅಭ್ಯಾಸ ಇದಕ್ಕೆ ಸೇರಿಕೊಳ್ಳುತ್ತದೆ. ಆಗ ಪೋಷಕಾಂಶದ ಪಟ್ಟಿಗಳು ಗೋಡೆಯ ಮೇಲಿನ ಚಿತ್ರಗಳಾಗಿಯೇ ಉಳಿಯುತ್ತವೆ.

ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಕುತೂಹಲಕರ. ತಾಯಂದಿರು ಒಟ್ಟು ಎಷ್ಟು ಕ್ಯಾಲರಿ ತಿಂದರು ಎಂಬುದಕ್ಕೂ ಮಗುವಿನ ಗಾತ್ರಕ್ಕೂ ಅಷ್ಟು ನಂಟು ಕಾಣಲಿಲ್ಲ; ಹಸಿರು ಸೊಪ್ಪು, ಹಾಲು, ಹಣ್ಣುಗಳನ್ನು ಎಷ್ಟು ಸಲ ತಿಂದರು ಎಂಬುದಕ್ಕಿತ್ತು. ಇದರ ಬೆನ್ನಿಗೆ ಮುಂಬಯಿಯ ಕೊಳೆಗೇರಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಗರ್ಭ ನಿಲ್ಲುವ ಮೊದಲಿನಿಂದ ಕೊಟ್ಟು ನೋಡಿದರು. ತೀರ ತೆಳ್ಳಗಿದ್ದ ತಾಯಂದಿರ ಮಕ್ಕಳ ತೂಕ ಹೆಚ್ಚಲಿಲ್ಲ ಎಂಬುದು ನಿರಾಸೆಯ ಸಂಗತಿ. ಆದರೆ ಗರ್ಭಾವಸ್ಥೆಯ ಮಧುಮೇಹ ಹೋಲಿಕೆಯ ಗುಂಪಿನಲ್ಲಿ ಶೇ 12.4 ಇದ್ದರೆ ಈ ತಿಂಡಿ ತಿಂದವರಲ್ಲಿ 7.3 ಮಾತ್ರ ಇತ್ತು.

ನಮ್ಮ ಕಡೆಯ ಪದಾರ್ಥಗಳಲ್ಲಿ ರಾಗಿಗೆ ಮೊದಲ ಮಣೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಅಷ್ಟೇ ಹಾಲಿನಲ್ಲಿ ಇರುವುದು ಅದರ ಮೂರನೇ ಒಂದು ಪಾಲು. ನುಗ್ಗೆ ಸೊಪ್ಪು, ಎಳ್ಳು ಇದೇ ಸಾಲಿನವು. ಕರಾವಳಿಯಲ್ಲಿ ಬಂಗುಡೆ, ಬೂತಾಯಿಯಂಥ ಸಣ್ಣ ಮೀನು ಮೆದುಳಿನ ಬೆಳವಣಿಗೆಗೆ ಬೇಕಾದ ಕೊಬ್ಬನ್ನೂ ಬಿ12 ಅನ್ನೂ ಕೊಡುತ್ತದೆ. ಶಾರ್ಕಿನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಕೂಡಿಕೊಂಡಿರುವುದರಿಂದ ಅವು ಬೇಡ. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಹಾಲು, ಮೊಸರಿನಿಂದ ಮಾತ್ರ. ಅದೂ ಕಾಫಿಗೆ ಬೆರೆಸುವ ಎರಡು ಚಮಚ ಹಾಲಿನಿಂದ ಆಗುವ ಕೆಲಸವಲ್ಲ, ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳುವುದು ವಾಸಿ. ಮಲೆನಾಡಿನಲ್ಲಿ ಗಳಗಂಡ ಹಿಂದಿನಿಂದ ಇದ್ದದ್ದೇ ಆದ್ದರಿಂದ ಅಯೋಡಿನ್ ಉಪ್ಪನ್ನು ಬಿಡುವಂತಿಲ್ಲ. ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಬೇಕು, ಹೊಟ್ಟೆಯ ಮಗು ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಯ್ಡನ್ನೇ ನಂಬಿಕೊಂಡಿರುತ್ತದೆ.

ಕಬ್ಬಿಣದ ಕೆಂಪು ಮಾತ್ರೆಯ ವಿಚಾರಕ್ಕೆ ಬಂದರೆ, 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಬಿಟ್ಟುಬಿಡುವವರು ಬಹಳ. ಮಲ ಕಪ್ಪಾಗುವುದರಿಂದ ಏನೂ ಆಗದು. ತೊಳಸಿದರೆ ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಕಾಫಿ, ಚಹದ ಜೊತೆಗಾಗಲಿ ಸುಣ್ಣದ ಮಾತ್ರೆಯ ಜೊತೆಗಾಗಲಿ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣಿನ ಶರಬತ್ತು, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಸುಣ್ಣದ ಮಾತ್ರೆಯನ್ನು ಸರ್ಕಾರಿ ಲೆಕ್ಕದಲ್ಲಿ ದಿನಕ್ಕೆರಡು ಸಲ ಕೊಡುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ 11 ಸಾವಿರ ಗರ್ಭಿಣಿಯರ ಮೇಲೆ ನಡೆಸಿದ, ತಾಂಜಾನಿಯಾದಲ್ಲೂ ಅಷ್ಟೇ ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂತು. ಬಸಿರಿನಲ್ಲಿ ರಕ್ತದೊತ್ತಡ ಏರಿ ಬರುವ ನಂಜನ್ನು ತಡೆಯಲು 500 ಮಿಲಿಗ್ರಾಂ ಸುಣ್ಣವು 1500ರಷ್ಟೇ ಕೆಲಸ ಮಾಡುತ್ತದೆ ಎಂದು ಅದು ತೋರಿಸಿತು. ನುಂಗುವ ಮಾತ್ರೆಗಳ ಸಂಖ್ಯೆ ಇಳಿದರೆ ಕಬ್ಬಿಣದ ಮಾತ್ರೆಗೆ ಸರಿಯಾದ ಹೊತ್ತು ಸಿಗುವುದು ಸುಲಭ.

ಬಯಕೆ ಮತ್ತು ಬೇಡಗಳು

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಗೆ ತಿಂಗಳಿಗೊಂದು ಪಥ್ಯ ಹೇಳಿದೆ, ಬಯಕೆಯನ್ನು ತೀರಿಸಬೇಕೆಂಬ ಮಾತೂ ಇದೆ. ಸೀಮಂತ, ಕುಬುಸ, ಹೂಮುಡಿಸುವ ಶಾಸ್ತ್ರಗಳಲ್ಲಿ ಬಗೆಬಗೆಯ ಅಡುಗೆ ತಂದು ಬಸುರಿಯ ಮುಂದಿಡುವುದು ಅದೇ ಭಾವನೆಯಿಂದ. ಹುಣಸೆ, ಮಾವಿನಕಾಯಿಯ ಬಯಕೆಗೆ ಅಡ್ಡಿಯಿಲ್ಲ. ಮಣ್ಣು, ಸೀಮೆಸುಣ್ಣ, ವಿಭೂತಿ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದು ಹಲವು ಸಲ ಕಬ್ಬಿಣದ ಕೊರತೆಯ ಗುರುತು. ಬೈಯುವ ಬದಲು ರಕ್ತ ಪರೀಕ್ಷೆ ಮಾಡಿಸಬೇಕು.

ಉಷ್ಣವೆಂದು ದೂರವಿಡುವ ಪರಂಗಿಯ ಬಗ್ಗೆ ಹೇಳುವುದಾದರೆ, ಕಾಯಿಯ ಹಾಲಿನಲ್ಲಿ ಗರ್ಭಕೋಶವನ್ನು ಸಂಕುಚಿಸುವ ಅಂಶ ಇರುವುದು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ಚೆನ್ನಾಗಿ ಮಾಗಿದ ಹಣ್ಣಿಗೆ ಆ ದೋಷವಿಲ್ಲ. ಕೇಸರಿ ಹಾಕಿದ ಹಾಲಿನಿಂದ ಮಗು ಬೆಳ್ಳಗಾಗುವುದಿಲ್ಲ, ಲಾಭವಿದ್ದರೆ ಹಾಲಿನದು. ಇವುಗಳಿಗೆಲ್ಲ ಇಷ್ಟು ಕಟ್ಟುಪಾಡು ಮಾಡುವ ಮನೆಗಳಲ್ಲೇ ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವ ಬಸುರಿಯನ್ನು ಯಾರೂ ತಡೆಯದಿರುವುದು ವಿಚಿತ್ರ. ತಂಬಾಕು ಸುಟ್ಟರೂ ಅಗಿದರೂ ಮಗುವಿನ ತೂಕ ಕಡಿಮೆಯಾಗುತ್ತದೆ. ಮದ್ಯಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲ. ಕಾಫಿ ದಿನಕ್ಕೆ ಎರಡು ಸಣ್ಣ ಲೋಟ ಮೀರದಿದ್ದರೆ ಸಾಕು, ಊಟದ ಹಿಂದೆಯೇ ಬೇಡ.

ಮಾತೃಪೂರ್ಣ

ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ತಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ. ಅನ್ನ, ಬೇಳೆ–ತರಕಾರಿಯ ಸಾರು, ಮೊಟ್ಟೆ, 200 ಮಿಲಿಲೀಟರ್ ಹಾಲು, ಕಡಲೆಬೀಜದ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಮೊದಲು ಇದ್ದದ್ದು ಮನೆಗೆ ಒಯ್ಯುವ ಪಡಿ. ಅದು ಮನೆಮಂದಿಯಲ್ಲಿ ಹಂಚಿಹೋಗುತ್ತಿತ್ತು, ಹಾಗಾಗಿ ಅಲ್ಲೇ ಕೂತು ಉಣ್ಣಲಿ ಎಂಬುದು ಯೋಜನೆಯ ತಿರುಳು. ಕೊನೆಗೆ ಉಣ್ಣುವವಳನ್ನು ಒಂದು ಹೊತ್ತಿಗಾದರೂ ಮೊದಲ ಪಂಕ್ತಿಯಲ್ಲಿ ಕೂರಿಸಿದ್ದು ಇದರ ಹೆಚ್ಚುಗಾರಿಕೆ. ತೊಡಕು ಕೂಡ ಅಲ್ಲೇ ಹುಟ್ಟಿತು. ಮಲೆನಾಡಿನ ಚದುರಿದ ಮನೆಗಳಿಂದ ಏಳೆಂಟು ತಿಂಗಳ ಬಸುರಿ ಗುಡ್ಡ ಹತ್ತಿಳಿದು ಬರಬೇಕು. ಕೂಲಿಗೆ ಹೋದವಳು ಹೊಲ ಬಿಟ್ಟು ಬರಬೇಕು. ಹಸಿ ಬಾಣಂತಿಯನ್ನು ಮನೆಯವರು ಹೊಸಿಲು ದಾಟಿಸುವುದಿಲ್ಲ.

ಮಧುಮೇಹ

ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತದ ಸಕ್ಕರೆ ನೋಡುತ್ತಾರೆ. ಊಟವಾಗಿದ್ದರೂ ಪರೀಕ್ಷೆಗೆ ಅಡ್ಡಿಯಿಲ್ಲ. ಸಕ್ಕರೆ 140 ಮಿಲಿಗ್ರಾಂ ಮುಟ್ಟಿದರೆ ಅಥವಾ ಮೀರಿದರೆ ಮಧುಮೇಹವೆಂದು ಲೆಕ್ಕ. ಮೊದಲ ಭೇಟಿಯಲ್ಲಿ ಒಮ್ಮೆ, 24–28ನೇ ವಾರದಲ್ಲಿ ಮತ್ತೊಮ್ಮೆ ಈ ಪರೀಕ್ಷೆ. ಮೊದಲ ಎರಡು ವಾರ ಊಟದಲ್ಲೇ ಹದ್ದುಬಸ್ತಿಗೆ ತರಲು ನೋಡಿ, ಆಗದಿದ್ದರೆ ಔಷಧ. ಅನ್ನ ಬಿಟ್ಟು ರಾಗಿ ಹಿಡಿದರೆ ಸಕ್ಕರೆ ಏರುವುದಿಲ್ಲ ಎಂಬ ಧೈರ್ಯ ಹಲವರದು. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ ಸಕ್ಕರೆಯನ್ನು ಬೇಗನೇ ಏರಿಸುತ್ತದೆ. ಧಾನ್ಯ ಯಾವುದಾದರೂ ಮುಖ್ಯವಾದದ್ದು ಪ್ರಮಾಣ, ಜೊತೆಗಿರುವ ಕಾಳು–ಸೊಪ್ಪು, ಮೂರು ಹೊತ್ತಿನ ಊಟವನ್ನು ಐದಾರು ಪಾಲಾಗಿ ಹಂಚಿಕೊಳ್ಳುವುದು, ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು. ಹೆರಿಗೆಯಾದ ಮೇಲೆ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೂ ಆರನೇ ವಾರದ ಪರೀಕ್ಷೆ ತಪ್ಪಿಸಬಾರದು, ಇಂಥವರಿಗೆ ಮುಂದೆ ಕಾಯಂ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಎಳೆಗೂಸಿನ ಗದ್ದಲದಲ್ಲಿ ಎಲ್ಲರೂ ಮರೆಯುವ ಪರೀಕ್ಷೆ ಅದೇ.

ವ್ಯಾಯಾಮ

ಬಸುರಿಯ ದೇಹಶ್ರಮದ ಬಗ್ಗೆ ವೈದ್ಯರ ಅಭಿಪ್ರಾಯ ಬಹಳ ಸಲ ಬದಲಾಗಿದೆ. ಕಾಶ್ಮೀರದಲ್ಲಿ ಕೆಲಸ ಮಾಡಿದ ಬ್ರಿಟಿಷ್ ವೈದ್ಯೆ ಕ್ಯಾಥ್ಲೀನ್ ವಾನ್ ಅಲ್ಲಿ ಎರಡು ಬಗೆಯ ಹೆಂಗಸರನ್ನು ಕಂಡರು. ಪರದೆಯೊಳಗೆ, ಬಿಸಿಲು ಕಾಣದೆ ಬದುಕುವವರ ಸೊಂಟದ ಮೂಳೆ ಮೆದುವಾಗಿ ಸೊಟ್ಟಗಾಗಿ ಹೆರಿಗೆ ಪ್ರಾಣಾಂತಿಕವಾಗುತ್ತಿತ್ತು. ದೋಣಿ ನಡೆಸುವ ಹೆಂಗಸರು ಸಲೀಸಾಗಿ ಹೆರುತ್ತಿದ್ದರು. 1928ರಲ್ಲಿ ಅವರು ಇದನ್ನು ಬರೆದರು. ಕುಕ್ಕರಗಾಲಲ್ಲಿ ಕೂರುವುದರ ಲಾಭದ ಬಗ್ಗೆ ಮುಂದೆಯೂ ವಾದಿಸಿದರು. ಬಿಸಿಲಿನಿಂದ ಬರುವ ಡಿ ಜೀವಸತ್ವದ ಪಾಲು ಎಷ್ಟು, ಓಡಾಟದ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ, ಆದರೂ ಗಮನಿಸಿದ್ದು ಸರಿಯೇ. ಅಮೆರಿಕದ ಪ್ರಸೂತಿ ತಜ್ಞರ ಸಂಘ 1985ರಲ್ಲಿ ಬಸುರಿಯ ಎದೆಬಡಿತ ನಿಮಿಷಕ್ಕೆ 140 ಮೀರಬಾರದು, ಬಿರುಸಿನ ವ್ಯಾಯಾಮ 15 ನಿಮಿಷ ದಾಟಬಾರದು ಎಂದಿತ್ತು. 1994ರಲ್ಲಿ ಅದನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ತೊಂದರೆಯಿಲ್ಲದ ಬಸುರಿಯರಿಗೆ, ಬಾಣಂತಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ, ಜೊತೆಗೆ ಸ್ನಾಯು ಬಲಪಡಿಸುವ ಚಟುವಟಿಕೆ ಹೇಳುತ್ತದೆ. ಮಧ್ಯಮವೆಂದರೆ, ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು.

ಇಂಥ ವ್ಯಾಯಾಮದಿಂದ ಗರ್ಭಪಾತವಾಗಲಿ ತಿಂಗಳು ತುಂಬದ ಹೆರಿಗೆಯಾಗಲಿ ಹೆಚ್ಚುವುದಿಲ್ಲ. ತೂಕ ಹದ್ದುಬಸ್ತಿನಲ್ಲಿ ಇರುತ್ತದೆ, ಮಧುಮೇಹದ ಸಾಧ್ಯತೆ ತಗ್ಗುತ್ತದೆ, ಸೊಂಟನೋವು, ಮಲಬದ್ಧತೆ ಸಡಿಲುತ್ತವೆ. ಐದು ತಿಂಗಳಾದ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ, ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಅದುಮಿ ತಲೆ ಸುತ್ತಿಸುತ್ತದೆ. ಹಾರ್ಮೋನುಗಳಿಂದ ಕೀಲುಗಳು ಸಡಿಲವಾಗಿರುವುದರಿಂದ ಜಿಗಿತ, ತಟ್ಟನೆ ತಿರುಗುವುದು, ಅತಿಯಾಗಿ ಬಾಗುವ ಆಸನಗಳು ಸಲ್ಲವು. ಮಾಸು ಕೆಳಗಿರುವವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ರಕ್ತಸ್ರಾವ, ಏರಿದ ರಕ್ತದೊತ್ತಡ, ತೀವ್ರ ರಕ್ತಹೀನತೆ ಇರುವವರು ವೈದ್ಯರನ್ನು ಕೇಳದೆ ಯಾವುದನ್ನೂ ಹಿಡಿಯಬಾರದು. ಯೋಗದ ಬಗ್ಗೆ ಬೆಂಗಳೂರಿನ ಎಸ್-ವ್ಯಾಸ ಸಂಸ್ಥೆಯ ಸಂಶೋಧಕರು 335 ಗರ್ಭಿಣಿಯರನ್ನು ಅಧ್ಯಯನ ಮಾಡಿ, ದಿನಕ್ಕೆ ಒಂದು ಗಂಟೆ ಯೋಗ ಮಾಡಿದವರಲ್ಲಿ ಕಡಿಮೆ ತೂಕದ ಮಕ್ಕಳು, ಅವಧಿಗೆ ಮುಂಚಿನ ಹೆರಿಗೆಗಳು ಕಡಿಮೆಯಿದ್ದವೆಂದು 2005ರಲ್ಲಿ ವರದಿ ಮಾಡಿದರು. ಯಾರು ಯೋಗದ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಆದ್ದರಿಂದ ಫಲಿತಾಂಶ ಭರವಸೆಯದು, ಕೊನೆಯ ಮಾತಲ್ಲ.

ಮಾರ್ಗಸೂಚಿಗಳೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ದಿನವಿಡೀ ಕುಳಿತು ಕೆಲಸ ಮಾಡುವ ಹೆಣ್ಣನ್ನು. ಬೆಂಗಳೂರಿನ ಕಚೇರಿಯ ಉದ್ಯೋಗಸ್ಥೆಗೆ 150 ನಿಮಿಷದ ನಡಿಗೆ ಸರಿಯಾದ ಸಲಹೆ. ಜೋಳದ ಹೊಲದಲ್ಲಿ ಸೊಂಟ ಬಗ್ಗಿಸಿ ಕಳೆ ಕೀಳುವವಳಿಗೆ, ಕಾಫಿ ತೋಟದಲ್ಲಿ ಚೀಲ ಹೊರುವವಳಿಗೆ ಅದೇ ಸಲಹೆ ಕೊಡುವುದು ಅಪಹಾಸ್ಯ. ಪುಣೆಯ ಹಳ್ಳಿಗಳ ಅಧ್ಯಯನದಲ್ಲೇ ಹೆಚ್ಚು ದುಡಿದ ತಾಯಂದಿರ ಮಕ್ಕಳು ಸಣ್ಣವಾಗಿದ್ದವು. ಅವರಿಗೆ ಬೇಕಾದದ್ದು ಮಧ್ಯಾಹ್ನ ಎಡಮಗ್ಗುಲಲ್ಲಿ ಒಂದೆರಡು ಗಂಟೆ ಮಲಗುವ ಅವಕಾಶ, ಭಾರ ಹೊರುವುದರಿಂದ ವಿನಾಯಿತಿ. ಗಾರ್ಮೆಂಟ್ಸ್ ಹೊಲಿಗೆ ಯಂತ್ರದ ಮುಂದೆ ಎಂಟು ಗಂಟೆ ಕೂರುವವಳದು ಮೂರನೆಯ ಬಗೆ. ಅವಳಿಗೆ ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಬಿಡಬೇಕು. ಶೌಚಾಲಯಕ್ಕೆ ಹೋಗಲು ಸಂಕೋಚಪಟ್ಟು ನೀರು ಕುಡಿಯದೆ ಇರುವುದು ಮೂತ್ರದ ಸೋಂಕಿಗೆ ದಾರಿ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿದರೂ ಅದು ಹೊಲದ ಕೂಲಿಯವಳನ್ನು ಮುಟ್ಟಿಲ್ಲ.

ಬಾಣಂತನ

ಕರ್ನಾಟಕದ ಆಹಾರ ಸಂಪ್ರದಾಯದ ಅತ್ಯುತ್ತಮವಾದದ್ದೂ ಅತಿ ಹಾನಿಕರವಾದದ್ದೂ ಬಾಣಂತಿಯ ಕೋಣೆಯಲ್ಲೇ ಇವೆ. ಉತ್ತರ ಕರ್ನಾಟಕದ ಅಂಟಿನುಂಡಿಯನ್ನು ನೋಡಿ. ಗೋಂದನ್ನು ತುಪ್ಪದಲ್ಲಿ ಹಾಕಿದರೆ ಅರಳಿನಂತೆ ಉಬ್ಬುತ್ತದೆ. ಅದನ್ನು ಪುಡಿ ಮಾಡಿ, ಒಣಕೊಬ್ಬರಿಯ ತುರಿ, ಉತ್ತುತ್ತಿ, ಬಾದಾಮಿ, ಗೋಡಂಬಿ, ಗಸಗಸೆ, ಚೂರು ಜಾಜಿಕಾಯಿ ಸೇರಿಸಿ, ಬೆಲ್ಲದ ಪಾಕ ಬಿಸಿಯಿರುವಾಗಲೇ ಉಂಡೆ ಕಟ್ಟುತ್ತಾರೆ. ದಿನಕ್ಕೊಂದು ತಿಂದರೆ ಮೊಲೆಯೂಡಿಸುವವಳಿಗೆ ಬೇಕಾದ ಹೆಚ್ಚುವರಿ ಶಕ್ತಿಯ ದೊಡ್ಡ ಪಾಲು ಸಿಕ್ಕಿತು. ಅಳವಿಯ ಪಾಯಸ, ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪಿನ ಪಲ್ಯ ಇದೇ ಜಾಣ್ಮೆಯವು. ಇದೇ ಅಂಟಿನುಂಡಿಯನ್ನು ಆರನೇ ತಿಂಗಳ ಬಸುರಿಗೆ, ಅದರಲ್ಲೂ ತೆಳ್ಳಗಿರುವವಳಿಗೆ, ಯಾಕೆ ಕೊಡುವುದಿಲ್ಲ ಎಂದರೆ ಉಷ್ಣ ಎನ್ನುತ್ತಾರೆ. ಮಧುಮೇಹವಿರುವವಳಿಗೆ ಮಾತ್ರ ಈ ಬೆಲ್ಲ–ತುಪ್ಪದ ಉಂಡೆ ಬಸಿರಿನಲ್ಲೂ ಬಾಣಂತನದಲ್ಲೂ ತಕ್ಕುದಲ್ಲ.

ಇನ್ನೊಂದು ಮಗ್ಗುಲು ಪಥ್ಯದ್ದು. ಕೆಲವು ಕಡೆ ಹೆತ್ತ ಮೊದಲ ವಾರಗಳಲ್ಲಿ ಬರೀ ಅನ್ನ, ತುಪ್ಪ, ಬಾಣಂತಿ ಖಾರ. ಬೇಳೆ ವಾಯು, ಸೊಪ್ಪು ಥಂಡಿ, ಹಣ್ಣು ನೆಗಡಿ. ಅಕ್ಕಿ ಪಾಲಿಷ್ ಆದದ್ದು, ಅದನ್ನು ಮೂರು ನಾಲ್ಕು ಸಲ ತೊಳೆದು ಗಂಜಿ ಬಸಿದದ್ದು. ಹೀಗಾದಾಗ ಥಯಾಮಿನ್ ಎಂಬ ಬಿ1 ಜೀವಸತ್ವ ಬಹುಪಾಲು ಚರಂಡಿಗೆ ಹೋಗುತ್ತದೆ. ತಾಯಿಯಲ್ಲಿ ಅದು ತೀರಿದರೆ ಎದೆಹಾಲಿನಲ್ಲೂ ಇರುವುದಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಎಳೆಗೂಸುಗಳದು. ಎದೆಹಾಲನ್ನಷ್ಟೇ ಕುಡಿಯುತ್ತಿದ್ದ, ಅಲ್ಲಿಯವರೆಗೆ ಚೆನ್ನಾಗಿದ್ದ ಮಕ್ಕಳು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ, ಶ್ವಾಸಕೋಶದ ರಕ್ತನಾಳದ ಒತ್ತಡ ವಿಪರೀತ ಏರಿ ಬರುತ್ತಿದ್ದರು. ತಾಯಂದಿರು ಕಟ್ಟುನಿಟ್ಟಿನ ಪಥ್ಯದಲ್ಲಿದ್ದರು. ಥಯಾಮಿನ್ ಚುಚ್ಚುಮದ್ದು ಕೊಟ್ಟಾಗ ಮಕ್ಕಳು ಬೇಗನೇ ಚೇತರಿಸಿಕೊಂಡರು. ಬಾಣಂತಿಯ ತಟ್ಟೆಗೆ ತೊವ್ವೆ, ಕಾಳು ಬಂದರೆ, ಗಂಜಿ ಬಸಿಯದೆ ಅನ್ನ ಮಾಡಿದರೆ ಈ ಕಾಯಿಲೆ ಹತ್ತಿರ ಸುಳಿಯದು.

ನೀರಿನ ಕಟ್ಟುಪಾಡೂ ಹಾಗೆಯೇ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸುವವರಿದ್ದಾರೆ. ಹೊಟ್ಟೆ ಇಳಿಯುವುದು ಗರ್ಭಕೋಶ ಆರು ವಾರಗಳಲ್ಲಿ ಮೊದಲಿನ ಗಾತ್ರಕ್ಕೆ ಬರುವುದರಿಂದ ಮತ್ತು ಸ್ನಾಯು ಬಿಗಿಯಾಗುವುದರಿಂದ. ನೀರು ಕಡಿಮೆಯಾಗಿ, ಮೇಲೆ ಹಾಸಿಗೆ ಬಿಟ್ಟೇಳದಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ಸಹಜ ಹೆರಿಗೆಯಾದವರು ಮರುದಿನದಿಂದಲೇ ಮನೆಯೊಳಗೆ ನಡೆಯಬೇಕು. ಸಿಸೇರಿಯನ್ ಆದವರೂ ನೋವು ತಾಳುವಷ್ಟು ಓಡಾಡಿ, ಭಾರದ ವ್ಯಾಯಾಮಕ್ಕೆ ಮಾತ್ರ ಆರು ವಾರ ಕಾಯಬೇಕು. ಸೀನಿದಾಗ, ಕೆಮ್ಮಿದಾಗ ಮೂತ್ರ ಜಿನುಗುವ ತೊಂದರೆಗೆ ಅಮೆರಿಕದ ಆರ್ನಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ ವ್ಯಾಯಾಮವಿದೆ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದಾರು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು, ದಿನಕ್ಕೆ ಮೂರು ಸಲ, ಹತ್ತು ಹತ್ತರಂತೆ. ಮಗುವಿಗೆ ಹಾಲೂಡಿಸುತ್ತಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಉಳಿದ ಹಾರ್ಮೋನು ಕಾಲಗಳು

ಮೈನೆರೆದ ಹುಡುಗಿಗೆ ಕರ್ನಾಟಕದ ಹಲವೆಡೆ ಎಳ್ಳು–ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ಕೊಡುತ್ತಾರೆ. ಮುಟ್ಟಿನಿಂದ ಕಬ್ಬಿಣ ಸೋರತೊಡಗುವ, ಮೂಳೆ ಬೆಳೆಯುವ ವಯಸ್ಸಿಗೆ ಇದಕ್ಕಿಂತ ತಕ್ಕ ತಿನಿಸು ಸಿಗದು. ಶಾಸ್ತ್ರದ ದಿನಗಳು ಮುಗಿದ ಮೇಲೂ ಮುಂದುವರಿಯಬೇಕು, ಅಷ್ಟೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆ ಅದೇ ಉದ್ದೇಶದ್ದು.

ಚಿಕಾಗೊದ ಸ್ಟೀನ್ ಮತ್ತು ಲೆವೆಂಥಾಲ್ 1935ರಲ್ಲಿ ಮೊದಲು ವಿವರಿಸಿದ ಪಿಸಿಒಎಸ್‌ನಲ್ಲಿ ಮುಟ್ಟು ತಪ್ಪುವುದು, ಮುಖದ ಮೇಲೆ ರೋಮ, ಮೊಡವೆ, ಗರ್ಭ ನಿಲ್ಲಲು ತಡ ಇವು ಲಕ್ಷಣಗಳು. ಹಲವರಲ್ಲಿ ಬುಡದಲ್ಲಿರುವುದು ಇನ್ಸುಲಿನ್ ಪ್ರತಿರೋಧ. ತೂಕ ಹೆಚ್ಚಿರುವವರು ಅದರಲ್ಲಿ ಶೇ 5ರಿಂದ 10ರಷ್ಟನ್ನು ಇಳಿಸಿಕೊಂಡರೂ ಮುಟ್ಟು ಸರಿಹೋಗುವುದುಂಟು. ಇದಕ್ಕೆಂದೇ ಒಂದು ವಿಶೇಷ ಆಹಾರಪದ್ಧತಿ ಇದೆ ಎಂದು ಮಾರಾಟ ಮಾಡುವವರನ್ನು ನಂಬಬೇಕಿಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಯಾವ ಒಂದು ಪಥ್ಯಕ್ಕೂ ಮೇಲುಗೈ ಕೊಟ್ಟಿಲ್ಲ, ಬಿಡದೆ ನಡೆಸಿಕೊಂಡು ಹೋಗಬಲ್ಲ ಊಟ ಮತ್ತು ವ್ಯಾಯಾಮವನ್ನೇ ಹೇಳಿದೆ.

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–48ರ ಆಸುಪಾಸು, ಪಶ್ಚಿಮದವರಿಗಿಂತ ಕೆಲವು ವರ್ಷ ಮುಂಚೆ. ಈಸ್ಟ್ರೊಜೆನ್ ಇಳಿದಂತೆ ಮೈ ಬಿಸಿಯೇರಿ ಬೆವರುವುದು, ನಿದ್ದೆಗೆಡುವುದು ಶುರುವಾಗುತ್ತದೆ. ಸದ್ದಿಲ್ಲದೆ ಮೂಳೆಯೂ ಸವೆಯುತ್ತದೆ. ಸುಣ್ಣದಂಶದ ಅಗತ್ಯ ಆಗ ದಿನಕ್ಕೆ 1200 ಮಿಲಿಗ್ರಾಂಗೆ ಏರುತ್ತದೆ. ಬರೀ ನಡಿಗೆ ಮೂಳೆಗೆ ಸಾಲದು. ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವುದು ಇಂಥ ಭಾರದ ವ್ಯಾಯಾಮ ವಾರಕ್ಕೆ ಎರಡು ಮೂರು ದಿನ ಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಮೂವತ್ತು, ಮೂವತ್ತೈದರ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ಕಳೆದ ದಶಕದಲ್ಲಿ ಬೆಳಕಿಗೆ ಬಂದವು. ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ಮೂಳೆ ಸವೆತ ಹತ್ತು ಹದಿನೈದು ವರ್ಷ ಮುಂಚೆಯೇ ಆರಂಭವಾಗುತ್ತದೆ. ಅಂಥವರ ಮೂಳೆ ಸಾಂದ್ರತೆಯನ್ನು ಆಗಲೇ ಪರೀಕ್ಷಿಸಬೇಕು, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ಬೇಕೇ ಎಂಬುದನ್ನು ತಜ್ಞರು ತೀರ್ಮಾನಿಸಬೇಕು. ಹೊಲದ ಕೂಲಿಯನ್ನೇ ನಂಬಿರುವ ಇವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ನಂತರ ಇಂಥ ಪರೀಕ್ಷೆಗೆ ಬನ್ನಿ ಎಂದು ಯಾರೂ ಹೇಳಿ ಕಳಿಸುವುದಿಲ್ಲ.